ವಾಸಿಯಾದವರ ಗಂಟೆ

ಸಮಾಧಾನ ಹೇಳುವ ಚಟ ನಮ್ಮಕ್ಕನಿಗೆ ಹುಟ್ಟಿನಿಂದಲೇ ಬಂದದ್ದು. ಚಿಕ್ಕವಳಿದ್ದಾಗ ನಾನು ಅಂಗಳದಲ್ಲಿ ಬಿದ್ದು ಮಂಡಿ ತರಚಿಕೊಂಡರೆ, ಅಳು ಬರುವ ಮೊದಲೇ ಓಡಿ ಬಂದು "ಅಳಬೇಡ, ಅಳಬೇಡ" ಎಂದು ತಬ್ಬಿಕೊಳ್ಳುತ್ತಿದ್ದಳು. ನಾನು ಅಳದಿದ್ದರೆ ಅವಳ ಮುಖ ಸಪ್ಪಗಾಗುತ್ತಿತ್ತು. ಅದನ್ನು ನೋಡಲಾರದೆ ಸ್ವಲ್ಪ ಅತ್ತುಬಿಡುತ್ತಿದ್ದೆ.

ದೊಡ್ಡವಳಾದ ಮೇಲೆ ಅವಳ ಚಟಕ್ಕೆ ಸಂಬಳ ಕೊಡುವವರೂ ಸಿಕ್ಕಿದರು. ಒಂದು ಆಸ್ಪತ್ರೆಯ ಬಾಗಿಲ ಬಳಿ ಮೇಜು ಹಾಕಿ ಕೂರಿಸಿದರು. ಬಂದವರಿಗೆಲ್ಲ "ಕೂತ್ಕೊಳ್ಳಿ, ಎಲ್ಲಾ ಸರಿಹೋಗುತ್ತೆ" ಎನ್ನುವುದು ಕೆಲಸ. ಯಾರಿಗೆ ಸರಿಹೋಯಿತು, ಯಾರಿಗೆ ಹೋಗಲಿಲ್ಲ ಎಂದು ಅವಳು ಒಂದು ದಿನವೂ ಎದ್ದು ಹೋಗಿ ನೋಡಿದವಳಲ್ಲ. ಮನೆಯಲ್ಲಿ ಭಾವ ಬಾಯಿಸತ್ತ ಮನುಷ್ಯ. ಮದುವೆಯಾದಂದಿನಿಂದ ಎಲ್ಲದಕ್ಕೂ "ಹೂಂ" ಎನ್ನುತ್ತಾರೆ. ಹೂಂ ಎನ್ನುವವರೆಲ್ಲ ನೆಮ್ಮದಿಯಾಗಿದ್ದಾರೆ ಎಂದು ಅಕ್ಕನ ನಂಬಿಕೆ.

ನಿವೃತ್ತಿಯಾದ ಮೇಲೆ ಸುಮ್ಮನಿರಬಾರದೆ? ಯಾವುದೋ ಶಿಬಿರಕ್ಕೆ ಹೋದಳು. ಹೋಗುವಾಗ ನಮ್ಮಕ್ಕನಾಗಿ ಹೋದವಳು ಬರುವಾಗ ಒಂದು ಸಂಸ್ಥೆಯಾಗಿ ಬಂದಳು. ನನ್ನ ಟೈಲರಿಂಗ್ ಅಂಗಡಿಯ ಮೇಲಿನ ಹಾಲ್ ಖಾಲಿಯಿತ್ತು. ಅಲ್ಲೇ ಹರೆಯದ ಮಕ್ಕಳ ಮನಸ್ಸಿನ ಆರೋಗ್ಯಕ್ಕೆಂದು ಉಚಿತ ಕೇಂದ್ರ ತೆರೆದಳು.

"ಮಕ್ಕಳು ಒಳಗೊಳಗೇ ಕೊರಗ್ತಾ ಇದಾವೆ ಕಣೇ. ಯಾರಾದ್ರೂ ಏನಾದ್ರೂ ಮಾಡ್ಬೇಕಲ್ಲ" ಎಂದಳು.

ಮಕ್ಕಳು ಕೊರಗುತ್ತಿದ್ದದ್ದು ನಿಜ. ನನಗೆ ಭಯವಿದ್ದದ್ದು 'ಏನಾದರೂ' ಮಾಡುವವರ ಬಗ್ಗೆ.

ಹಳದಿ ಖುಷಿಯ ಬಣ್ಣವೆಂದು ಶಿಬಿರದಲ್ಲಿ ಹೇಳಿದ್ದರಂತೆ, ಗೋಡೆಗಳಿಗೆಲ್ಲ ಹಳದಿ ಬಳಿಸಿದಳು. ನಗುವವರ ಚಿತ್ರ ಅಂಟಿಸಿದಳು. ನಗಲಾಗದೆ ಬಂದ ಮಕ್ಕಳು ಆ ಹಲ್ಲುಗಳನ್ನು ನೋಡುತ್ತ ಕೂರಬೇಕು. ಕೂರಲು ದೊಡ್ಡ ದೊಡ್ಡ ದಿಂಬುಗಳನ್ನು ದಾನ ಕೊಟ್ಟವನು ಹಾಸಿಗೆ ಅಂಗಡಿಯ ಮಾಲೀಕ. ಅವುಗಳಲ್ಲಿ ಕೂತರೆ ಇನ್ನೊಬ್ಬರು ಕೈಹಿಡಿದು ಎಬ್ಬಿಸಬೇಕು. ಅಲ್ಲಿ ಕೆಲಸಕ್ಕೆ ಬರುವ ಸಂಗತಿಯೆಂದರೆ ಬುಧವಾರ ಸಂಜೆ ಬರುತ್ತಿದ್ದ ಆಪ್ತಸಲಹೆಗಾರ್ತಿ ಒಬ್ಬಳೇ. ಓದಿಕೊಂಡವಳು, ಮೆಲುದನಿಯವಳು. ಮೂಲೆಯ ಸಣ್ಣ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೆಚ್ಚು ಹೊತ್ತು ಕೇಳುತ್ತಲೇ ಇರುತ್ತಿದ್ದಳು. ಮಾತು ಕಡಿಮೆಯಾದ್ದರಿಂದ ಅವಳಿಗೆ ಕೆಲಸ ಬರುವುದಿಲ್ಲವೇನೋ ಎಂದು ಅಕ್ಕನಿಗೆ ಅನುಮಾನ.

ಇನ್ನು ಗಂಟೆಯ ವಿಷಯ. ಹಾಸಿಗೆ ಅಂಗಡಿಯಲ್ಲಿ ದೊಡ್ಡ ವ್ಯಾಪಾರ ಕುದುರಿದಾಗಲೆಲ್ಲ ಒಂದು ಹಿತ್ತಾಳೆ ಗಂಟೆ ಹೊಡೆಯುತ್ತಿದ್ದರು, ಕೆಲಸದವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಮಾಲೀಕ ಅಂಥದೇ ಇನ್ನೊಂದನ್ನು ತಂದು ಅಕ್ಕನ ಹಾಲ್‌ನ ಬಾಗಿಲ ಪಕ್ಕ ನೇತುಹಾಕಿದ. ಮನಸ್ಸು ವಾಸಿಯಾದವರು ಅದನ್ನು ಹೊಡೆಯಬೇಕು. ಎಲ್ಲರೂ ಚಪ್ಪಾಳೆ ತಟ್ಟಬೇಕು. ಗುರುತು ಸಿಗದ ಹಾಗೆ ಹೊಡೆದವರ ಬೆನ್ನಿನ ಫೋಟೋ ತೆಗೆಯಬೇಕು. ಅಲ್ಲಿಗೆ ಅವರ ಕಥೆ ಮುಗಿಯಿತು, ಆ ಜಾಗಕ್ಕೆ ಬೇರೆಯವರು. ಹಾಸಿಗೆ ಮಾರುವವನಿಗೆ ಮನಸ್ಸೂ ಒಂದು ಹಾಸಿಗೆಯಂತೆ ಕಂಡರೆ ಅವನ ತಪ್ಪಲ್ಲ. ತಲೆಯಾಡಿಸಿದ ನಮ್ಮಕ್ಕನಿಗೆ ಏನಾಗಿತ್ತು?

ಆ ಕೇಂದ್ರಕ್ಕೆ ಬಸ್ ಕಂಡಕ್ಟರಮ್ಮನೊಬ್ಬಳ ಮಗಳು ಬರುತ್ತಿದ್ದಳು. ಕಾಲೇಜಿನ ಹುಡುಗಿ. ಊಟ ಬಿಟ್ಟಿದ್ದಳು, ನಿದ್ದೆ ಬಿಟ್ಟಿದ್ದಳು, ಮನೆಯಲ್ಲಿ ಮಾತೂ ಬಿಟ್ಟಿದ್ದಳು. ಮೊದಲು ತಾಯಿಯೇ ಕೈಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದಳು. ಆಮೇಲಾಮೇಲೆ ಹುಡುಗಿ ಒಬ್ಬಳೇ ಬರತೊಡಗಿದಳು, ಹೋಗುವಾಗ ನನ್ನ ಅಂಗಡಿಯೊಳಗೆ ಇಣುಕುವಷ್ಟು ಗೆಲುವಾದಳು. ಸಣ್ಣ ಕೋಣೆಯ ಮೌನ ಕೆಲಸ ಮಾಡುತ್ತಿತ್ತು.

ಆಗ ಕೇಂದ್ರದ ವಾರ್ಷಿಕೋತ್ಸವ ಬಂತು. ಅದು ಭಾನುವಾರ, ಸಲಹೆಗಾರ್ತಿ ಇರಲಿಲ್ಲ. ಹಾಸಿಗೆ ಮಾಲೀಕ ನೆಂಟರಿಷ್ಟರನ್ನೆಲ್ಲ ಕಟ್ಟಿಕೊಂಡು ಬಂದಿದ್ದ. ಗಂಟೆ ಹೊಡೆಯುವುದಕ್ಕೆ ಮಾತ್ರ ಯಾರಿಗೂ ವಾಸಿಯಾಗಿರಲಿಲ್ಲ. ಅಕ್ಕ ಆ ಹುಡುಗಿಯ ಗಲ್ಲ ಹಿಡಿದು ಕೇಳಿದಳಂತೆ. "ನೀನೀಗ ಎಷ್ಟೋ ವಾಸಿ ಅಲ್ವಾ ಕಂದ? ಒಂದ್ಸಲ ಹೊಡೆದುಬಿಡು."

ಕೆಳಗೆ ಕೂತ ನನಗೂ ಕೇಳಿಸಿತು, ಮೊದಲು ಗಂಟೆ, ಆಮೇಲೆ ಚಪ್ಪಾಳೆ. ಸೂರಿನ ಧೂಳು ನನ್ನ ಹೊಲಿಗೆಯ ಮೇಲೆ ಉದುರಿತು.

ಮುಂದಿನ ಬುಧವಾರ ಹುಡುಗಿ ಅರ್ಧ ಮೆಟ್ಟಿಲು ಹತ್ತಿ, ನಿಂತು, ಇಳಿದಳು. ಸೀದಾ ನನ್ನ ಅಂಗಡಿಗೆ ಬಂದು ಒಂದು ನೀಲಿ ಸ್ಕರ್ಟು ಮುಂದಿಟ್ಟಳು. "ಆಂಟಿ, ಸೊಂಟ ಸ್ವಲ್ಪ ಚಿಕ್ಕದು ಮಾಡಿಕೊಡ್ತೀರಾ? ಅಲ್ಲೀವರೆಗೂ ಟ್ರಯಲ್ ರೂಮಲ್ಲಿ ಕೂತಿರ್ಲಾ?"

ನನ್ನ ಟ್ರಯಲ್ ರೂಮೆಂದರೆ ಒಂದು ಕನ್ನಡಿ, ಒಂದು ಸ್ಟೂಲು, ಒಂದು ಪರದೆ. ಅದರ ನೇರ ಮೇಲೆ ಸಲಹೆಗಾರ್ತಿಯ ಕೋಣೆ. ಹಳೇ ಕಟ್ಟಡ, ಮರದ ಸೂರು. ಮಾತು ತಿಳಿಯುವುದಿಲ್ಲ, ದನಿ ಮಾತ್ರ ಇಳಿದು ಬರುತ್ತದೆ. ಹುಡುಗಿ ಆ ದನಿ ನಿಲ್ಲುವವರೆಗೂ ಪರದೆಯ ಹಿಂದೆ ಕೂತಿದ್ದು ಎದ್ದು ಹೋದಳು. ಮರುವಾರವೂ ಬಂದಳು, ಇನ್ನೂ ಸ್ವಲ್ಪ ಚಿಕ್ಕದು ಮಾಡಿಸಲು ಅದೇ ಸ್ಕರ್ಟು ತಂದಳು.

ನಾನು ಮೇಲೆ ಹೋಗಿ ಅಕ್ಕನಿಗೆ ಹೇಳಿದೆ. "ಆ ಹುಡುಗಿ ಸರಿಯಿಲ್ಲ ಕಣೇ. ಮತ್ತೆ ಸೊರಗ್ತಾ ಇದಾಳೆ. ನೀನೇ ಕರಿ."

"ಗಂಟೆ ಹೊಡೆದಿದಾಳಲ್ಲ" ಎಂದಳು ಅಕ್ಕ. "ಈಗ ಕರೆದ್ರೆ ಅವಳ ಆತ್ಮವಿಶ್ವಾಸ ಹಾಳಾಗುತ್ತೆ. ಸಲಹೆಗಾರ್ತೀನೂ ಅವಳಿಗೆ ಫೋನ್ ಮಾಡಿದ್ಲು. ಚೆನ್ನಾಗಿದೀನಿ ಅಂದ್ಳಂತೆ. ನೀನು ಮಿಷನ್ ನೋಡ್ಕೊ."

ಎಂಥ ಆತ್ಮವಿಶ್ವಾಸ, ಯಾರ ಆತ್ಮವಿಶ್ವಾಸ! ಮೈಯೆಲ್ಲ ಉರಿಯಿತು. ದಡದಡ ಹೊರಟಾಗ ಬಾಗಿಲಲ್ಲಿ ಆ ಗಂಟೆ ನನ್ನ ತಲೆಗೆ ಬಡಿದು ಅದೂ ಒಂದು ಸದ್ದು ಮಾಡಿತು. ಒಳಗೆ ಯಾರೋ ಚಪ್ಪಾಳೆ ತಟ್ಟಿದರು.

ಅದರ ಮುಂದಿನ ಬುಧವಾರ ಹುಡುಗಿ ಬಂದು ಪರದೆ ಎಳೆದುಕೊಂಡ ಸ್ವಲ್ಪ ಹೊತ್ತಿಗೆ, ಅವಳ ತಾಯಿ ಟಿಕೆಟ್ ಚೀಲವನ್ನೂ ಇಳಿಸದೆ ನನ್ನ ಬಾಗಿಲ ಮುಂದಿನಿಂದಲೇ ಮೆಟ್ಟಿಲು ಹತ್ತಿ ಓಡಿದಳು. ನಾನು ಕೂಗಿದ್ದು ಅವಳಿಗೆ ಕೇಳಿಸಲಿಲ್ಲ. ಹಿಂದೆಯೇ ಹತ್ತಿದೆ.

"ನನ್ನ ಮಗಳು ಎಲ್ಲಿ?" ಎಂದು ಅಕ್ಕನನ್ನು ಕೇಳುತ್ತಿದ್ದಳು. "ನಾನಿಲ್ದೇ ಹೋದ್ರೆ ನಿಂಗೆ ಆರಾಮಲ್ವಾ ಅಮ್ಮ ಅಂತ ಬೆಳಿಗ್ಗೆ ಕೇಳಿದ್ಲು. ಕೆಲಸದಲ್ಲಿ ಕೈಕಾಲೇ ಆಡ್ಲಿಲ್ಲ. ಇವತ್ತು ಇಲ್ಲಿಗೇ ತಾನೇ ಬರೋದು?"

"ಅವಳು ಬಂದು ಎಷ್ಟು ವಾರ ಆಯ್ತು" ಎಂದಳು ಅಕ್ಕ. "ಅವಳಿಗೆ ವಾಸಿಯಾಯ್ತಲ್ಲಮ್ಮ."

ತಾಯಿ ಮೆಟ್ಟಿಲ ಕಡೆ ತಿರುಗಿದಳು. ಅಕ್ಕ ಅಭ್ಯಾಸಬಲದಿಂದ "ಕೂತ್ಕೊಳ್ಳಿ, ಎಲ್ಲಾ" ಎಂದು ಶುರುಮಾಡಿದಳು. ಮುಂದಿನದು ಅವಳ ಬಾಯಿಂದ ಹೊರಡಲಿಲ್ಲ.

"ನನ್ನಂಗಡೀಲಿದಾಳೆ" ಎಂದೆ. "ನೀನು ಅವಳಿಗೆ ಬಾಗಿಲು ಹಾಕಿದ ಮೇಲೆ ಬುಧವಾರ ಬುಧವಾರ ನಿನ್ನ ನೆಲದ ಕೆಳಗೆ ಕೂತಿರ್ತಾಳೆ."

ಎಲ್ಲರೂ ಇಳಿದೆವು. ಪರದೆಯ ಕೆಳಗೆ ಹುಡುಗಿಯ ಚಪ್ಪಲಿ ಕಾಣುತ್ತಿತ್ತು. ತಾಯಿ ಅಲ್ಲೇ ಕುಸಿದು ಆ ಪಾದ ಹಿಡಿದುಕೊಂಡಳು. ಅಕ್ಕ ನೆಟ್ಟಗೆ ನಿಂತು ಗಂಟಲು ಸರಿಮಾಡಿಕೊಂಡಳು. ಶಿಬಿರದ ಮಾತು ಶುರುವಾಗುತ್ತದೆಂದು ನಾನು ಹಲ್ಲು ಕಚ್ಚಿದೆ.

"ಯಾಕೆ ಮೇಲೆ ಬರ್ಲಿಲ್ಲ ಕಂದ?" ಎಂದಷ್ಟೇ ಕೇಳಿದಳು.

ಒಳಗಿನಿಂದ ಹುಡುಗಿ ಹೇಳಿದಳು. "ನಂಗೆ ವಾಸಿ ಆಗಿರ್ಲಿಲ್ಲ ಆಂಟಿ. ನೀವೆಲ್ಲ ಎಷ್ಟು ಖುಷಿಯಾಗಿದ್ರಿ. ಮತ್ತೆ ಬಂದ್ರೆ ಆ ಚಪ್ಪಾಳೆ ಎಲ್ಲಾ ಸುಳ್ಳಾಗ್ತಿತ್ತು."

ಅಕ್ಕನ ಮುಖ ಸಪ್ಪಗಾಯಿತು. ಆ ಮುಖ ನನಗೆ ಮಂಡಿ ತರಚಿದ ಕಾಲದಿಂದ ಗೊತ್ತು. ಹುಡುಗಿ ಪರದೆ ಸರಿಸಿದ್ದರೆ, ಆ ಮುಖ ನೋಡಿ ಮತ್ತೊಮ್ಮೆ "ಚೆನ್ನಾಗಿದೀನಿ" ಎಂದುಬಿಡುತ್ತಿದ್ದಳು. ಅದು ಅಕ್ಕನಿಗೂ ಹೊಳೆಯಿತೋ ಏನೋ, ಪರದೆಯನ್ನು ಇನ್ನಷ್ಟು ಎಳೆದು ಹಿಡಿದುಕೊಂಡಳು.

"ಸುಳ್ಳಾಗ್ಲಿ ಬಿಡು" ಎಂದಳು. "ಹೊಡೆಸಿದವಳು ನಾನು. ಸುಳ್ಳು ನಂದೇ ಆಯ್ತು. ಹೀಗೇ ಎದ್ದು ಬಾ, ಸಲಹೆಗಾರ್ತಿ ಮೇಲೆ ಇದಾಳೆ."

ಆ ಸಂಜೆ ಸಲಹೆಗಾರ್ತಿ ಉಳಿದವರಿಗೆಲ್ಲ ಕೈಮುಗಿದು ಕಳಿಸಿ, ಈ ಹುಡುಗಿಯ ಜೊತೆಯೇ ಕೂತಳು. ದೊಡ್ಡ ಡಾಕ್ಟರೊಬ್ಬರಿಗೆ ಅಲ್ಲಿಂದಲೇ ಫೋನ್ ಮಾಡಿದಳು. ತಾಯಿ ಬಾಗಿಲ ಹೊರಗೆ ಆ ಹಾಳು ದಿಂಬಿನಲ್ಲಿ ಹೂತುಕೊಂಡು ಕಾದಳು.

ಇಷ್ಟಾಯಿತೆಂದು ನಮ್ಮಕ್ಕ ಬದಲಾದಳೆಂದು ತಿಳಿಯಬೇಡಿ. ಗೋಡೆ ಇನ್ನೂ ಹಳದಿಯೇ. ನಗುವ ಚಿತ್ರಗಳ ಹಲ್ಲುಗಳೂ ಹಾಗೇ ಇವೆ. ಹಾಸಿಗೆ ಮಾಲೀಕನಿಗೆ ಒಂದು ಮಾತು ಹೇಳಿ ಗಂಟೆ ಕಳಚುವ ಧೈರ್ಯ ಅವಳಿಗೆ ಇವತ್ತಿಗೂ ಬಂದಿಲ್ಲ. ಬದಲಿಗೆ ಕಳ್ಳಿಯಂತೆ ನನ್ನಂಗಡಿಗೆ ಬಂದು ಒಂದು ತುಂಡು ದಪ್ಪ ಬಟ್ಟೆ ಕೇಳಿ, ಗಂಟೆಯ ನಾಲಗೆಗೆ ಸುತ್ತಿ ಕಟ್ಟಿದಳು. ಗಂಟೆ ಕೆಟ್ಟಿದೆ, ರಿಪೇರಿಯವನು ಸಿಗುತ್ತಿಲ್ಲ ಎಂದು ಅವನಿಗೆ ತಿಂಗಳುಗಟ್ಟಲೆ ಹೇಳುತ್ತಿದ್ದಾಳೆ. ಸಮಾಜ ತಿದ್ದಲು ಹೊರಟವಳ ಧೈರ್ಯ ಇಷ್ಟು.

ಹುಡುಗಿ ಈಗ ಡಾಕ್ಟರ ಹತ್ತಿರವೂ ಹೋಗುತ್ತಾಳೆ, ಬುಧವಾರ ಇಲ್ಲಿಗೂ ಬರುತ್ತಾಳೆ. ಕೆಲವು ವಾರ ಅತ್ತು ಕಣ್ಣು ಕೆಂಪಗೆ ಮಾಡಿಕೊಂಡೇ ಇಳಿಯುತ್ತಾಳೆ, ಯಾರೂ ಏನೂ ಕೇಳುವುದಿಲ್ಲ. ಮೊನ್ನೆ ಹತ್ತುವ ಮೊದಲು ನನ್ನ ಬಾಗಿಲಲ್ಲಿ ನಿಂತು ಅದೇ ನೀಲಿ ಸ್ಕರ್ಟು ಚಾಚಿದಳು.

"ಬಿಗಿಯಾಗ್ತಾ ಇದೆ ಆಂಟಿ. ದೊಡ್ಡದು ಮಾಡೋಕೆ ಬಟ್ಟೆ ಇದೆಯಾ?"

ನಾನು ಕತ್ತರಿಸಿರಲಿಲ್ಲ. ಎರಡು ಸಲವೂ ಒಳಗೇ ಮಡಚಿ ಹೊಲಿದಿದ್ದೆ. ಮೇಲೆ ಹೋಗಿ ಬಾ, ಅಷ್ಟರಲ್ಲಿ ಬಿಚ್ಚಿಡುತ್ತೇನೆ ಎಂದೆ.