ಕೀಲಿಕೈಗೊಂದು ಬ್ಯಾಟರಿ

ಗೋಕಾಕದಲ್ಲಿ ನಮಗೊಂದು ಬಾಡಿಗೆ ಮನೆಯಿದೆ. ಅದರಲ್ಲಿ ನಾವಿಬ್ಬರೂ ಇರುವುದಿಲ್ಲ. ನಾನು ಕುಲಗೋಡದ ಆಚೆ ಒಂದು ಹಳ್ಳಿಯಲ್ಲಿ ಹೈಸ್ಕೂಲು ಟೀಚರು, ಶಾಲೆಯ ಹತ್ತಿರವೇ ಒಂದು ಖೋಲಿ ಹಿಡಿದಿದ್ದೇನೆ. ನಮ್ಮವರು, ಅಂದರೆ ನನ್ನ ಗಂಡ, ಹುಕ್ಕೇರಿ ತಾಲ್ಲೂಕಿನಲ್ಲಿ ಕಣಗಲಾದ ಹತ್ತಿರದ ಆಸ್ಪತ್ರೆಯೊಂದರಲ್ಲಿ ಔಷಧಿ ಕೊಡುವ ಕೆಲಸದಲ್ಲಿದ್ದಾರೆ, ಅವರಿಗೂ ಅಲ್ಲೊಂದು ಖೋಲಿ. ಇಬ್ಬರಲ್ಲಿ ಯಾರಿಗಾದರೂ ವರ್ಗವಾಗುವ ತನಕ ಎಂದು ನಡುವಿನ ಊರಿನಲ್ಲಿ ಮನೆ ಮಾಡಿದೆವು. ಶನಿವಾರ ಸಂಜೆ ಬಂದು ಕೀಲಿ ತೆಗೆಯುತ್ತೇವೆ. ರವಿವಾರ ಸಂಜೆ ಕೀಲಿ ಹಾಕಿ ಒಬ್ಬರು ಆ ಕಡೆಯ ಬಸ್ಸು, ಒಬ್ಬರು ಈ ಕಡೆಯ ಬಸ್ಸು ಹತ್ತುತ್ತೇವೆ. ಓಣಿಯವರು ನಮ್ಮನ್ನು ಶನಿವಾರದ ಮಂದಿ ಅನ್ನುತ್ತಾರೆ. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ಹೂಂ ಅಂದು ಸುಮ್ಮನಾಗುತ್ತೇನೆ, ಸುಳ್ಳೇನೂ ಅಲ್ಲವಲ್ಲ.

ಮನೆ ಮಹಡಿಯ ಮೇಲಿದೆ. ಮೆಟ್ಟಿಲಿಗೆ ಮಾಲೀಕರು ಹಾಕಿದ ಬಲ್ಬು ಬಂದಷ್ಟೇ ಬೇಗ ಹೋಗುತ್ತದೆ. ಬಾಗಿಲ ಚಿಲಕವೋ ಗೋಡೆಯ ಮೂಲೆಗೆ ಒತ್ತಿಕೊಂಡಿದೆ. ಸಂಜೆ ಬಂದವರು ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ಕಾಯಿಪಲ್ಲೆ ಹಿಡಿದು, ಕೀಲಿಯ ತೂತನ್ನು ಬೆರಳಲ್ಲಿ ತಡಕಬೇಕು. ಮೊಬೈಲಿನ ಬೆಳಕಿದೆಯಲ್ಲ ಅನ್ನಬಹುದು. ಆದರೆ ನನ್ನ ಮೊಬೈಲು ಸಂಜೆಯ ಹೊತ್ತಿಗೆ ನನ್ನಂತೆಯೇ ಸುಸ್ತಾಗಿರುತ್ತದೆ. ಉಳಿದ ಚೂರು ಚಾರ್ಜಿನಲ್ಲಿ "ಎಲ್ಲಿ ಬಂದ್ರಿ?" ಎಂದು ಕೇಳುವುದಿರುತ್ತದೆ, ಅದನ್ನು ಕೀಲಿ ಹುಡುಕಲು ಸುಡುವುದಕ್ಕೆ ಮನಸ್ಸು ಬರುವುದಿಲ್ಲ.

ಒಂದು ಶನಿವಾರ ಮೆಟ್ಟಿಲಲ್ಲಿ ಎಡವಿ ಮೊಣಕಾಲು ತರಚಿಕೊಂಡೆ. ಅದಕ್ಕೆ ಅರಿಸಿನ ಹಚ್ಚುತ್ತ ನಮ್ಮವರು, ಕೀಲಿಕೈ ಗೊಂಚಲಿಗೆ ಸಿಗಿಸುವಂಥ ಸಣ್ಣ ಬ್ಯಾಟರಿ ತರಬೇಕು, ಚಾರ್ಜ್ ಮಾಡುವಂಥದ್ದು ಎಂದರು. ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಎಂದೇ ಹೆಸರು. ನಾನು ಹೂಂ ಅಂದೆ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ನಮ್ಮವರಲ್ಲಿ ಏನೂ ಅಲ್ಲಿಗೆ ಮುಗಿಯುವುದಿಲ್ಲ ಎಂಬುದನ್ನು ಮದುವೆಯಾಗಿ ಇಷ್ಟು ವರ್ಷವಾದರೂ ಮರೆಯುತ್ತಲೇ ಇರುತ್ತೇನೆ.

ಮುಂದಿನ ಶನಿವಾರ ಅವರು ಊಟಕ್ಕೆ ಕೂತವರು ಎಡಗೈಯಲ್ಲಿ ಮೊಬೈಲು ಹಿಡಿದೇ ಕೂತರು. ಅದರ ಮುಂದಿನ ಶನಿವಾರವೂ ಅಷ್ಟೇ. ಯಾರೋ ಕತ್ತಲಲ್ಲಿ ನಿಂತು ಗೋಡೆಗೆ, ಗಿಡಕ್ಕೆ, ನಾಯಿಗೆ ಬೆಳಕು ಬಿಟ್ಟು ತೋರಿಸುವ ವಿಡಿಯೋಗಳು. ಎಷ್ಟು ಲುಮೆನ್, ಎಷ್ಟು ಗ್ರಾಂ, ನೀರು ಬಿದ್ದರೆ ಏನಾಗುತ್ತದೆ, ಬಿಟ್ಟು ಬಿಟ್ಟು ಉರಿಸಿದರೆ ಎಷ್ಟು ದಿನ ಬರುತ್ತದೆ. ನಾನು ವಾರವಿಡೀ ಕೂಡಿಟ್ಟ ಮಾತುಗಳಿರುತ್ತವೆ. ಹೆಡ್‌ಮಾಸ್ತರರ ಹಟ, ಖೋಲಿಯ ಮಾಡಿನಲ್ಲಿ ಗೂಡು ಕಟ್ಟಿದ ಗುಬ್ಬಿ, ಎಂಟನೆಯ ಇಯತ್ತೆಯ ಹುಡುಗಿ ಬಿಡಿಸಿದ ನನ್ನ ಚಿತ್ರ, ಅದರಲ್ಲಿ ನನಗೆ ಮೀಸೆ. ಒಂದನ್ನೂ ಹೇಳಲು ಬಿಡಲಿಲ್ಲ.

"ಒಂದ ಬ್ಯಾಟರಿ ತರಾಕ ಇಷ್ಟ ಯಾಕ್ರಿ? ಅಂಗಡಿಗಿ ಹೋಗೂದು, ತಗೊಂಡ ಬರೂದು," ಅಂದೆ.

"ಹಂಗ ತಗೊಂಡ ಬರಾಕ ಅದೇನ ಬದನಿಕಾಯಿ ಅಲ್ಲ. ನೋಡಿ ತಗೋಬೇಕ."

"ಬದನಿಕಾಯೀನೂ ನೋಡೇ ತರತೀರಿ. ಹುಳಕ ಇರೂದ ಬಿಡೂದಿಲ್ಲ."

ಅವರು ನಕ್ಕರು. ನನಗೆ ನಗು ಬರಲಿಲ್ಲ. ವಾರಕ್ಕೊಮ್ಮೆ ಸಿಗುವ ಒಂದು ಸಂಜೆ, ಅದರಲ್ಲಿ ಅವರು ಬೇರೆಯವರ ಬೆಳಕು ನೋಡುತ್ತ ಕೂತರೆ ನಾನು ಯಾರನ್ನು ನೋಡಲಿ?

ಗುಟ್ಟೇನೂ ಇಲ್ಲ, ಹೇಳಿಬಿಡುತ್ತೇನೆ. ನನಗೆ ಅವರು ಬೇಕಾಗುತ್ತಾರೆ. ಹಬ್ಬಕ್ಕೂ ಹುಣ್ಣಿಮೆಗೂ ಅಲ್ಲ, ಬುಧವಾರದಂಥ ಏನೂ ಇಲ್ಲದ ದಿನ. ಶಾಲೆ ಬಿಟ್ಟು ಖೋಲಿಗೆ ಬಂದಾಗ ಒಳಗಿನಿಂದ ಪಾತ್ರೆಯ ಸಪ್ಪಳ ಕೇಳಬೇಕು ಅನ್ನಿಸುತ್ತದೆ. ಕೇಳುವುದಿಲ್ಲ. ನಾನೇ ಒಳಗೆ ಹೋಗಿ ಒಂದು ಪಾತ್ರೆ ತೆಗೆದು ಸಪ್ಪಳ ಮಾಡಬೇಕು. ಒಬ್ಬಳಿಗೇ ಎರಡು ರೊಟ್ಟಿ ಬಡಿಯಲು ಬೇಸರವಾಗಿ ಎಷ್ಟೋ ದಿನ ಚುರುಮುರಿ ತಿಂದು ಮಲಗಿದ್ದೇನೆ. ಫೋನಿನಲ್ಲಿ ಕೇಳಿದರೆ ಪಲ್ಲೆ, ರೊಟ್ಟಿ, ಅನ್ನ ಎಂದು ಪೂರ್ತಿ ಊಟ ಬಡಿಸುತ್ತೇನೆ. ಅವರೂ ಅತ್ತ ಅದನ್ನೇ ಮಾಡುತ್ತಾರೆ ಎಂಬುದು ನನಗೆ ಗೊತ್ತು.

ಕೊನೆಗೂ ಒಂದು ರವಿವಾರ ಪೇಟೆಗೆ ಹೋದೆವು. ಗೋಡೆ ಗಡಿಯಾರ, ಚಾರ್ಜರು, ಕರೆಂಟು ಹೋದಾಗ ಹತ್ತುವ ಲೈಟು, ಇಂಥವನ್ನು ಮಾರುವ ಸಣ್ಣ ಅಂಗಡಿ. ನಡೆಸುವವರು ವಯಸ್ಸಾದವರು, ಪೇಟೆಗೆಲ್ಲ ಚಾಚಾ. ನಮ್ಮವರು ಕೇಳುತ್ತ ಹೋದರು, ಚಾಚಾ ಗಾಜಿನ ಕಪಾಟಿನ ಮೇಲೆ ಇಡುತ್ತ ಹೋದರು. ಒಂದು ಬರೀ ಪ್ಲಾಸ್ಟಿಕ್ಕು, ಪರ್ಸಿನಲ್ಲಿ ಒತ್ತಿದರೆ ತಾನೇ ಹತ್ತಿ ತಾನೇ ಆರುವ ಜಾತಿ. ಇನ್ನೊಂದು ಗಟ್ಟಿಯಾಗಿತ್ತು, ಆದರೆ ಅದರ ಚಾರ್ಜಿಂಗ್ ವೈರು ಬೇರೆ, ಅದು ಕಳೆದರೆ ಬ್ಯಾಟರಿಯೂ ಕಳೆದಂತೆ. ಮತ್ತೊಂದು ಎಷ್ಟು ಭಾರವೆಂದರೆ ಕೀಲಿಕೈಗೆ ಅದನ್ನು ಸಿಗಿಸುವುದೋ ಅದಕ್ಕೇ ಕೀಲಿಕೈ ಸಿಗಿಸುವುದೋ ತಿಳಿಯದು.

"ಹೊರಗ ಬಿಸಲ ಐತಿ, ಬೆಳಕ ಹೆಂಗೈತಿ ತಿಳಿಯೂದಿಲ್ಲಲ್ಲ ಚಾಚಾ," ಅಂದರು ನಮ್ಮವರು.

ಚಾಚಾ ಮೂಲೆಯಲ್ಲಿದ್ದ ಏರ್‌ಕೂಲರಿನ ಖಾಲಿ ಬಾಕ್ಸನ್ನು ಎಳೆದು ಕಪಾಟಿನ ಮೇಲೆ ಅಡ್ಡ ಇಟ್ಟರು. "ಇದರಾಗ ತಲಿ ಹಾಕಿ ನೋಡ್ರಿ ಸಾಹೇಬ್ರ. ಒಳಗ ರಾತ್ರೀನ ಐತಿ. ಅಕ್ಕಾರ, ನೀವೂ ನೋಡ್ರಿ. ಆಮ್ಯಾಲ ಮನ್ಯಾಗ ಜಗಳ ಬ್ಯಾಡ."

ನಮ್ಮವರು ಹಿಂದೆಮುಂದೆ ನೋಡದೆ ತಲೆ ತೂರಿಸಿದರು. ಅವರ ದನಿ ರಟ್ಟಿನ ಒಳಗಿನಿಂದ ಬಂತು, "ಬಾ ಇಲ್ಲೆ." ಪೇಟೆಯ ನಡುವೆ, ಹಾದುಹೋಗುವವರ ಎದುರಿಗೆ, ನಾನೂ ತಲೆ ಹಾಕಿದೆ. ಒಳಗೆ ರಟ್ಟಿನ ವಾಸನೆ, ಅವರ ಕೊಬ್ಬರಿ ಎಣ್ಣೆಯ ವಾಸನೆ. ಅವರ ಕಿವಿ ನನ್ನ ಕಿವಿಗೆ ತಾಗುತ್ತಿತ್ತು. ಅವರು ಗುಂಡಿ ಒತ್ತುತ್ತ, ಇದು ಕಡಿಮೆ, ಇದು ನಡುವಿಂದು, ಇದು ಜೋರು ಎಂದು ಪಾಠ ಮಾಡುತ್ತಿದ್ದರು. ನನಗೆ ಒಂದೂ ತಲೆಗೆ ಹೋಗಲಿಲ್ಲ. "ಇನ್ನೊಮ್ಮೆ ತೋರಸ್ರಿ" ಅಂದೆ. ಅವರು ಖುಷಿಯಾಗಿ ಮೊದಲಿನಿಂದ ಶುರು ಮಾಡಿದರು. ಹೊರಗೆ ಚಾಚಾ ಕೆಮ್ಮುವ ತನಕ ನಾನು ತಲೆ ತೆಗೆಯಲಿಲ್ಲ.

ಕೊನೆಗೆ ಆರಿಸಿದ್ದು ಹೆಬ್ಬೆರಳಿಗಿಂತ ಸ್ವಲ್ಪ ಉದ್ದ, ಚಪ್ಪಟೆ, ಕಪ್ಪು ಬಣ್ಣದ್ದು. ಮೊಬೈಲಿನ ವೈರೇ ಅದಕ್ಕೂ ಆಗುತ್ತದೆ. ಗುಂಡಿಯನ್ನು ಒತ್ತಿ ಹಿಡಿದರಷ್ಟೇ ಹತ್ತುತ್ತದೆ, ಪರ್ಸಿನಲ್ಲಿ ತಾನಾಗಿ ಹತ್ತುವ ಹುಚ್ಚಿಲ್ಲ. ಕೀಲಿಯ ತೂತಿಗೆ ಸಾಕಾಗುವಷ್ಟು ಮಂದ ಬೆಳಕಿದೆ, ದಾರಿಗೆ ಜೋರು ಬೆಳಕಿದೆ. ಅದರ ಬದಿಗೆ ಒಂದು ಕೆಂಪು ದೀಪ, ಹತ್ತಿಸಿದ ಮೇಲೆ ಮತ್ತೆ ಎರಡು ಸಲ ಒತ್ತಿದರೆ ಮಿಣುಕುತ್ತದೆ. ನಮ್ಮವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ. "ರೋಡಿನಾಗ ನಿಂತಾಗ ಇದನ್ನ ಹಚ್ಚು. ದೂರದಿಂದನ ಕಾಣತೈತಿ," ಅಂದರು.

ಪರೀಕ್ಷೆ ಹತ್ತಿರ ಬಂದಂತೆ ನಮ್ಮ ಶಾಲೆಯಲ್ಲಿ ಹತ್ತನೆಯ ಇಯತ್ತೆಗೆ ವಿಶೇಷ ತರಗತಿ ಶುರುವಾಯಿತು. ಶನಿವಾರವೂ ಸಂಜೆಯ ತನಕ. ಆ ವಾರದ ರವಿವಾರ ಪೋಲಿಯೊ ಹನಿ ಹಾಕುವ ದಿನ. ನಮ್ಮವರು ನಸುಕಿಗೇ ಕಣಗಲಾಕ್ಕೆ ಹೊರಡಬೇಕಿತ್ತು. ಅಂದರೆ ನಮಗಿದ್ದದ್ದು ಆ ಶನಿವಾರದ ರಾತ್ರಿಯೊಂದೇ. ತರಗತಿ ಮುಗಿಸಿ ಓಡಿದ ಹಾಗೆ ಕ್ರಾಸಿಗೆ ಬಂದು ನಿಂತೆ. ಹೊತ್ತು ಮುಳುಗಿ ಕತ್ತಲಾಗಿತ್ತು. ಎರಡೂ ಬದಿಗೆ ಕಬ್ಬು. ಗೋಕಾಕಕ್ಕೆ ಹೋಗುವ ಕೊನೆಯ ಬಸ್ಸು ಬರುವುದಿತ್ತು. ನಮ್ಮ ಕಡೆ ಇಂಥ ಕ್ರಾಸಿನಲ್ಲಿ ಕತ್ತಲಾದ ಮೇಲೆ ಬೆಳಕು ತೋರಿಸಿದರಷ್ಟೇ ಬಸ್ಸು ನಿಲ್ಲುತ್ತದೆ, ಎಲ್ಲರೂ ಮೊಬೈಲು ಎತ್ತಿ ಬೀಸುತ್ತಾರೆ. ನನ್ನ ಬಳಿ ವಾರಗಟ್ಟಲೆ ನೋಡಿ ಆರಿಸಿದ ಬ್ಯಾಟರಿ ಇದೆಯಲ್ಲ! ಬಸ್ಸಿನ ದೀಪ ಕಂಡದ್ದೇ ಕೈ ಮುಂದೆ ಚಾಚಿ ಕೆಂಪು ದೀಪ ಮಿಣುಕಿಸಿದೆ.

ಬಸ್ಸು ನಿಧಾನವಾಯಿತು. ನಾನು ಬ್ಯಾಗು ಎತ್ತಿಕೊಂಡೆ. ಆಮೇಲೆ ಅದು ಪೂರ್ತಿ ಬಲಕ್ಕೆ ಸರಿದು, ನನ್ನನ್ನು ದೊಡ್ಡದಾಗಿ ಸುತ್ತು ಹಾಕಿ, ಹಾರ್ನ್ ಹೊಡೆದು ಹೊರಟುಹೋಯಿತು. ಕೂಗಿದೆ. ನಾಲ್ಕು ಹೆಜ್ಜೆ ಓಡಿದೆ. ಧೂಳು ತಿಂದದ್ದೇ ಬಂತು.

ಖೋಲಿಗೆ ಮರಳಿ ಬಂದು ಫೋನು ಮಾಡಿದೆ. ನಮ್ಮವರು ಆಗಲೇ ಗೋಕಾಕದ ಮನೆಯಲ್ಲಿದ್ದರು. ಹಿಂದೆ ಕುಕ್ಕರಿನ ಸೀಟಿ ಕೇಳಿತು. ನಡೆದದ್ದು ಹೇಳಿದೆ.

"ಯಾವ ಮೋಡಿನಾಗ ಇಟ್ಟಿದ್ದಿ?" ಅಂದರು.

ನನ್ನ ಪಿತ್ತ ನೆತ್ತಿಗೇರಿತು. "ಹಾಳಾಗಿ ಹೋಗ್ಲಿ ನಿಮ್ಮ ಮೋಡು! ಒಂದ ಬ್ಯಾಟರಿ ಸಲುವಾಗಿ ಎಷ್ಟ ಶನಿವಾರ ಹಾಳ ಮಾಡಿದ್ರಿ. ಉಳದಿದ್ದ ಈ ಶನಿವಾರ ಅದ ತಿಂತು. ನಿಮಗ ನನಕಿಂತ ಅದನ್ನ ನೋಡೂದ ಹೆಚ್ಚಾಗಿತ್ತಲ್ಲ?"

ಕುಕ್ಕರು ಇನ್ನೊಂದು ಸೀಟಿ ಹೊಡೆಯಿತು.

"ಮಂಗಳವಾರ, ಬುಧವಾರ ನಾ ನಿನ್ನ ಬಾಜೂ ಇರೂದಿಲ್ಲ," ಅಂದರು. "ಖೋಲಿ ಕೀಲಿ ತಗಿಯೂ ಮುಂದ ನೀ ಒಬ್ಬಾಕೀನ ಇರತಿ. ಆಗ ನಿನ್ನ ಕೈಯಾಗ ಇರೂದು ಆ ಬ್ಯಾಟರಿ ಒಂದ. ಅದಕ್ಕ ಅಷ್ಟ ನೋಡಿ ತಗೊಂಡೆ."

ಊಟ ಮಾಡ್ರಿ ಅಂದೆ. ನೀನೂ ಮಾಡು ಅಂದರು. ಆ ರಾತ್ರಿ ನಾನು ಬಹಳ ಅತ್ತೆ. ಸಿಟ್ಟಿನ ಅಳು ಅಲ್ಲ ಅದು, ಬರೀ ಅವರು ಬೇಕೆಂಬ ಅಳು.

ಮುಂದಿನ ವಾರ ಹೋಗುತ್ತ ಹೋಗುತ್ತ ಮುಗಿಯಲೇ ಇಲ್ಲ. ಶನಿವಾರ ಮತ್ತೆ ಅದೇ ಕ್ರಾಸು, ಅದೇ ಕತ್ತಲು. ಈ ಸಲ ಕೆಂಪಿನ ಗೊಡವೆಗೆ ಹೋಗದೆ ಬಿಳಿ ಬೆಳಕನ್ನು ಜೋರು ಮಾಡಿ ಬಸ್ಸಿನ ಮುಖಕ್ಕೇ ಬಿಟ್ಟೆ. ಬಸ್ಸು ನನ್ನನ್ನು ದಾಟಿ ಅಷ್ಟು ದೂರ ಹೋಗಿ ಗಕ್ಕನೆ ನಿಂತಿತು. ಏದುಸಿರು ಬಿಡುತ್ತ ಹತ್ತಿದೆ. ಕಂಡಕ್ಟರು ಸಿಡಿಮಿಡಿ ಮಾಡುತ್ತಲೇ ಟಿಕೆಟು ಕೊಟ್ಟರು.

"ಏನ್ರಿ ಅಕ್ಕಾರ, ಡ್ರೈವರ್ ಕಣ್ಣಾಗ ಬೆಳಕ ಬಿಟ್ರ ಅಂವಗ ಏನ ಕಾಣಬೇಕ್ರಿ? ಹೋದ ವಾರ ಇಲ್ಲೇ ಕೆಂಪ ದೀಪಾ ಹಚ್ಚಿದವರೂ ನೀವ ಏನು?"

ಹೌದು ಅಂದೆ.

ಅವರು ಹಣೆ ಬಡಿದುಕೊಂಡರು. "ಕಬ್ಬಿನ ಸೀಜನ್ ಐತ್ರಿ. ಟ್ರ್ಯಾಕ್ಟರ್ ಕೆಟ್ಟ ನಿಂತ್ರ ಹಿಂದಿನ ಡಬ್ಬಿಗಿ ಅಂಥಾದ್ದ ದೀಪಾ ಕಟ್ಟಿರತಾರ. ಡಬ್ಬಿ ನಿಂತೈತಿ, ಬಾಜೂದಿಂದ ತಗೀ ಅಂತ ಡ್ರೈವರಗ ನಾನ ಹೇಳೇನಿ. ಬೆಳಕ ನಮಗ ತೋರಸಬ್ಯಾಡ್ರಿ. ನಿಮ್ಮ ಮ್ಯಾಲ ಬಿಟಗೋರಿ. ಮನಷ್ಯಾರು ಕಂಡ್ರ ನಿಂದರಸ್ತೀವಿ."

ಕಬ್ಬಿನ ಟ್ರೇಲರು! ಸೀಟಿನಲ್ಲಿ ಕೂತು ನನ್ನಷ್ಟಕ್ಕೆ ನಕ್ಕೆ. ಇದನ್ನು ಅವರಿಗೆ ಹೇಳಬೇಕು, ಹೇಳುವಾಗ ಅವರ ಮುಖ ಹೇಗಾಗುತ್ತದೋ ನೋಡಬೇಕು ಅನ್ನಿಸಿತು. ಗೋಕಾಕ ಬರುವ ತನಕ ನಾನು ಕಿಟಕಿಯಿಂದ ಹೊರಗೆ ಏನನ್ನೂ ನೋಡಲಿಲ್ಲ.

ಓಣಿಗೆ ಬಂದರೆ ಕರೆಂಟು ಇರಲಿಲ್ಲ. ನಮ್ಮ ಮನೆಯ ಬಾಗಿಲು ತೆರೆದಿತ್ತು. ಮೆಟ್ಟಿಲ ತುದಿಯಲ್ಲಿ ಯಾರೋ ನಿಂತಿದ್ದರು. ಯಾರೋ ಏನು, ಅವರೇ. ಆದರೆ ಆಕಾರವಷ್ಟೇ ಕಾಣುತ್ತಿತ್ತು. "ಸಾವಕಾಶ ಬಾ" ಎಂದು ಕೈ ಕೊಡಲು ಎರಡು ಮೆಟ್ಟಿಲು ಇಳಿದರು. ನಾನು ಬ್ಯಾಗನ್ನು ಮೆಟ್ಟಿಲ ಮೇಲೆಯೇ ಇಟ್ಟು ಬ್ಯಾಟರಿ ಹತ್ತಿಸಿ ಅವರ ಮುಖಕ್ಕೆ ಹಿಡಿದೆ. ಅವರು ಕಣ್ಣು ಮುಚ್ಚಿಕೊಂಡರು. ಬೆಳಕನ್ನು ಮಂದ ಮಾಡಿದೆ. ಗಡ್ಡ ಬಿಟ್ಟಿದ್ದರು, ಗದ್ದದ ಹತ್ತಿರ ಬಿಳಿ ಕೂದಲು ಹೆಚ್ಚಾಗಿದ್ದವು, ಕಣ್ಣ ಕೆಳಗೆ ಕಪ್ಪು ಇಳಿದಿತ್ತು. ಇವೆಲ್ಲ ಯಾವ ಮಂಗಳವಾರ, ಯಾವ ಬುಧವಾರ ಆದವೋ ನನಗೆ ಗೊತ್ತಿಲ್ಲ.

"ಏನ ನೋಡಾಕತ್ತಿ? ಒಳಗ ಬಾ, ಅನ್ನ ಆರತೈತಿ," ಅಂದರು.

"ಆರಲಿ ಬಿಡ್ರಿ," ಅಂದೆ. "ನೋಡಾಕ ಅಂತನ ಬಂದೇನಿ. ಸ್ವಲ್ಪ ಹಂಗ ನಿಂದರ್ರಿ."