ಮಾತು ಹಾರಿಸುವ ಗುಂಡಿ

ಹೊಸ ವಿಡಿಯೋ ಗೇಮ್ ಕೊಂಡವನು ಮೊಟ್ಟಮೊದಲು ಹುಡುಕುವುದು ಏನನ್ನು ಎಂಬ ಕುತೂಹಲ ನಿಮಗೆಂದಾದರೂ ಮೂಡಿದ್ದರೆ, ಅನುಭವಸ್ಥನಾಗಿ ಹೇಳುತ್ತೇನೆ: ಅದು ಹಿಮಶಿಖರಗಳ ಸೊಬಗೂ ಅಲ್ಲ, ನಾಯಕನ ಖಡ್ಗವೂ ಅಲ್ಲ, ಪಾತ್ರಗಳು ಬಾಯಿ ತೆರೆದೊಡನೆ ಅವುಗಳ ಮಾತನ್ನು ಹಾರಿಸಿ ಮುಂದೆ ಹೋಗಲು ಯಾವ ಗುಂಡಿ ಒತ್ತಬೇಕು ಎಂಬುದು. ಯಾರೋ ಪುಣ್ಯಾತ್ಮರು ವರ್ಷಗಟ್ಟಲೆ ಕೂತು ಬರೆದ ಸಂಭಾಷಣೆ, ನುರಿತ ನಟರು ಗದ್ಗದಿತರಾಗಿ ನುಡಿದ ಸ್ವಗತ, ಎಲ್ಲವೂ ನನ್ನ ಹೆಬ್ಬೆರಳಿನ ಒಂದು ಕುಟುಕಿಗೆ ಮಾಯ. ಪರದೆಯ ಮೂಲೆಯಲ್ಲಿ ಒಂದು ಸಾಲಿನ ಆಜ್ಞೆ ಮೂಡುತ್ತದೆ, ಇಂಥಲ್ಲಿಗೆ ಹೋಗು, ಇಂಥದ್ದನ್ನು ತಾ ಎಂದು. ನನಗೆ ಅಷ್ಟು ಸಾಕು.

ನನ್ನ ವಯಸ್ಸು ನಲವತ್ತೇಳು. ಮೈಸೂರು ಕಡೆಯಿಂದ ಪುಣೆಗೆ ಬಂದು, ಹಡಪಸರದ ಕಂಪನಿಯೊಂದರಲ್ಲಿ ಗೌರವಾನ್ವಿತ ಎನ್ನಬಹುದಾದ ಹುದ್ದೆಯಲ್ಲಿದ್ದೇನೆ. ಈ ವಯಸ್ಸಿನಲ್ಲಿ ಸಜ್ಜನರು ಪ್ರಾಣಾಯಾಮಕ್ಕೋ ಶೇರು ಪೇಟೆಗೋ ಒಲಿಯುತ್ತಾರೆ. ನಾನು ಮಾತ್ರ ಮನೆಗೆ ಅತಿಥಿಗಳು ಬರುತ್ತಾರೆಂದರೆ ಗೇಮಿನ ಪೆಟ್ಟಿಗೆಯ ಮೇಲೆ ಟವೆಲ್ ಹೊದಿಸಿ, ಅದು ಏನೆಂದು ಕೇಳಿದವರಿಗೆ ಇಂಟರ್ನೆಟ್ಟಿನ ಯಂತ್ರವೆಂದು ಹೇಳುತ್ತೇನೆ. ಇನ್ನು ಈಚಿನ ಗೇಮುಗಳೋ, ಪುರಾಣಗಳನ್ನೂ ನಾಚಿಸುವಷ್ಟು ದೀರ್ಘ. ಒಂದನ್ನು ಮುಗಿಸುವಷ್ಟರಲ್ಲಿ ಮತ್ತೆರಡು ಅವತರಿಸಿರುತ್ತವೆ. ಉದ್ಯೋಗಸ್ಥನಾದ ಸಂಸಾರಿ ಮಾತು ಹಾರಿಸದೆ ಇನ್ನೇನು ಮಾಡಬೇಕು ಎಂಬುದು ನನ್ನ ವಾದವಾಗಿತ್ತು.

ತೊಂದರೆಯೆಂದರೆ ಈ ವಿದ್ಯೆ ಪರದೆಯೊಳಗೆ ಉಳಿಯಲಿಲ್ಲ. ಮನುಷ್ಯರು ಮಾತಾಡುವಾಗಲೂ ನನ್ನ ಕಿವಿ, ನಾನು ಮಾಡಬೇಕಾದ್ದೇನು ಎಂಬ ಒಂದು ಸಾಲನ್ನಷ್ಟೇ ಹೆಕ್ಕಿಕೊಂಡು ಉಳಿದದ್ದನ್ನು ಚೆಲ್ಲಲು ಕಲಿತುಬಿಟ್ಟಿತು. ನಿಜಜೀವನದಲ್ಲಿ ಆ ಗುಂಡಿಯ ಹೆಸರು ‘ಹೂಂ’. ನಮ್ಮ ವಸತಿ ಸೊಸೈಟಿಯ ಸಭೆಯಲ್ಲಿ ಹೀಗೆಯೇ ಅನ್ಯಮನಸ್ಕನಾಗಿ ಮೂರು ಸಲ ‘ಹೂಂ’ ಎಂದು ಎದ್ದು ಬಂದವನು, ಮರುದಿನ ಬೆಳಿಗ್ಗೆ ನೀರಿನ ಟ್ಯಾಂಕರಿನವನು ಬಾಗಿಲು ಬಡಿದು ಪೈಪು ಎಲ್ಲಿ ಹಾಕಲಿ ಎಂದು ಕೇಳಿದಾಗಲೇ, ಆ ಬೇಸಿಗೆಯ ಜಲಾಧಿಪತಿ ನಾನೆಂದು ಅರಿತದ್ದು. ಈ ಕಥೆಯನ್ನು ಹತ್ತು ಜನರೆದುರು ಹೇಳಿ ನಗಿಸಿದ್ದೇನೆ. ಮುಂದಿನದನ್ನು ಯಾರೆದುರೂ ಹೇಳಿಲ್ಲ.

ನನ್ನ ಮಾವ, ಅಂದರೆ ಹೆಂಡತಿ ವಿಜಯಾಳ ತಂದೆ, ನಮ್ಮೊಂದಿಗೇ ಇದ್ದಾರೆ. ಜಮಖಂಡಿ ಕಡೆಯವರು, ಹರೆಯದಲ್ಲಿ ಪುಣೆಗೆ ಬಂದು ಇಲ್ಲಿನ ಕಾರ್ಖಾನೆಯಲ್ಲಿ ಲೇಥ್ ಮಶೀನಿನೆದುರು ನಿಂತೇ ನಿವೃತ್ತರಾದವರು. ಒಂದು ವಿಷಯ ಹೇಳಬೇಕಾದರೆ ಅದರ ಬೇರಿನಿಂದ ಶುರುಮಾಡುವ ಜಾಯಮಾನ ಅವರದು. ಅವರು ಮಾತಾಡುವಾಗ ನನ್ನ ಹೆಬ್ಬೆರಳು ತಂತಾನೇ ಅಲ್ಲಾಡುತ್ತಿತ್ತು ಎಂದರೆ ನೀವು ನನ್ನನ್ನು ಕ್ಷಮಿಸಬೇಕಾಗಿಲ್ಲ.

ಅತ್ತೆಯವರು ತಾವಿದ್ದಷ್ಟು ಕಾಲ ಪ್ರತಿ ವರ್ಷ ಆಷಾಢ ಏಕಾದಶಿಗೆ ಮುನ್ನ, ವಿಠ್ಠಲನ ದರ್ಶನಕ್ಕೆ ಹೊರಟ ಯಾತ್ರಿಕರ ಪಾಲಖಿಯ, ಅಂದರೆ ಪಲ್ಲಕ್ಕಿಯ, ಸಂಗಡ ಹಡಪಸರದಿಂದ ಸಾಸವಡದವರೆಗೆ, ನಡುವಿನ ದಿವೇ ಘಾಟನ್ನೂ ಏರಿ, ನಡೆದು ಹೋಗುತ್ತಿದ್ದರು. ಮಾವನಿಗೆ ಅಂಥ ಭಕ್ತಿಯಿರಲಿಲ್ಲ. ಆದರೆ ಆ ದಿನ ಅರ್ಧ ರಜೆ ಹಾಕಿ, ಸುತ್ತುದಾರಿಯ ಬೋಪದೇವ ಘಾಟಿನಿಂದ ಸ್ಕೂಟರಿನಲ್ಲಿ ಹೋಗಿ, ಸಾಸವಡದ ಬಸ್ ಸ್ಟ್ಯಾಂಡಿನ ಪಕ್ಕದ ಚಹಾದಂಗಡಿಯ ಮುಂದೆ ಹೆಂಡತಿ ಬರುವ ಮುಂಚೆಯೇ ನಿಂತಿರುತ್ತಿದ್ದರು. ಅತ್ತೆ ಹೋದ ವರ್ಷ ತೀರಿಕೊಂಡರು. ಅವರ ಪಾಲಿನ ಆ ಒಂದು ದಿನದ ನಡಿಗೆಯನ್ನು ಈ ಸಲ ತಾವು ನಡೆಯಬೇಕೆಂದು ಮಾವನ ಮನಸ್ಸಿಗೆ ಬಂತು. ಇದನ್ನೆಲ್ಲ ಅವರು ಒಂದು ಭಾನುವಾರ ಸಂಜೆ ನನ್ನ ಪಕ್ಕ ಕೂತು, ಬೇರಿನಿಂದ ಶುರುಮಾಡಿ, ಸಾವಕಾಶವಾಗಿ ಹೇಳಿದರು. ನನ್ನ ಒಂದು ಕಿವಿಯ ಮೇಲೆ ಹೆಡ್‌ಫೋನ್ ಇತ್ತು. ನನಗೆ ದಕ್ಕಿದ್ದು ಗುರುವಾರ, ಪಾಲಖಿ, ನಡೆದು ಹೋಗುತ್ತಾರೆ ಎಂಬ ಮೂರು ಸಂಗತಿ. ನಾಲ್ಕು ಗಂಟೆಗೆ ಸಾಸವಡಕ್ಕೆ ಬಂದು, ತಾವು ನಿಲ್ಲುತ್ತಿದ್ದ ಜಾಗದಲ್ಲಿ ನಾನು ನಿಂತಿರಬೇಕು ಎಂಬ ನಾಲ್ಕನೆಯದಕ್ಕೂ ‘ಹೂಂ, ಖಂಡಿತ’ ಎಂದೆನಂತೆ.

ಗುರುವಾರ ಪಾಲಖಿಗಾಗಿ ರಸ್ತೆಗಳೆಲ್ಲ ಬಂದ್. ಆಫೀಸಿನವರು ಮನೆಯಿಂದಲೇ ಕೆಲಸ ಮಾಡಿ ಎಂದರು. ವಿಜಯಾ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳಾದ್ದರಿಂದ ಅವಳಿಗೆ ಆ ಭಾಗ್ಯವಿಲ್ಲ. ನಸುಕಿನಲ್ಲೇ ಬಿಳಿ ಟೋಪಿ ಹಾಕಿ ಬಟ್ಟೆಯ ಚೀಲ ಹಿಡಿದು ಹೊರಟ ಮಾವನಿಗೆ ಬಾಗಿಲಲ್ಲಿ ನಿಂತು ‘ಹುಷಾರು ಮಾವ’ ಎಂದು ಕೈಬೀಸಿದೆ. ಮಧ್ಯಾಹ್ನದ ಹೊತ್ತಿಗೆ ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿ, ಹೊಸ ಗೇಮನ್ನು ಹಚ್ಚಿದೆ. ಅಂದು ನನಗೆ ಒಪ್ಪಿಸಲಾದ ಕಾರ್ಯ ಏನಿತ್ತೆಂದು ಬರೆಯಲು ಕೈ ಹಿಂಜರಿಯುತ್ತದೆ. ಮುದುಕನೊಬ್ಬನನ್ನು ಬೆಟ್ಟದ ಕಣಿವೆ ದಾಟಿಸಿ ಆಚೆಯ ಊರಿಗೆ ಮುಟ್ಟಿಸಬೇಕು. ಅವನ ನಡಿಗೆ ನಿಧಾನ. ನಾವು ಮುಂದೆ ಹೋದರೆ ಅವನು ನಿಂತುಬಿಡುತ್ತಾನೆ, ಅವನನ್ನು ಒಂಟಿಯಾಗಿ ಬಿಟ್ಟರೆ ಆಟ ಸೋತಂತೆ. ಎರಡು ಸಲ ಸೋತು, ಮೂರನೆಯ ಸಲ ಅವನ ಹೆಜ್ಜೆಗೆ ಹೆಜ್ಜೆ ಹಾಕಿ, ತೋಳಗಳನ್ನು ಅಟ್ಟಿ, ಅವನು ದಣಿದಾಗ ಕಾದು, ಜತನದಿಂದ ಕರೆದೊಯ್ಯುತ್ತಿದ್ದೆ. ಅಷ್ಟು ತಾಳ್ಮೆ ನನ್ನಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ.

ಐದೂವರೆಗೆ ವಿಜಯಾಳ ಫೋನು ಬಂತು.

“ಅಪ್ಪಾ ಸಿಕ್ಕರೇನ್ರೀ? ಅವರ ಫೋನ್ ಹತ್ತವಲ್ದು. ನಾಲ್ಕಕ್ಕ ಬರಾಕ ಹೇಳಿದ್ರಲ್ಲ ನಿಮಗ?”

ಆ ಒಂದು ಕ್ಷಣದಲ್ಲಿ ಭಾನುವಾರದ ಸಂಜೆಯ ಮಾತೆಲ್ಲ, ಚೆಲ್ಲಿದ್ದು ಚೆಲ್ಲಿದ ಹಾಗೇ ಬಂದು ಎದುರು ನಿಂತಿತು. ಚಡ್ಡಿಯಲ್ಲಿ ಸೋಫಾದ ಮೇಲೆ ಕೂತಿದ್ದ ನಾನು, “ದಾರೀಲಿದ್ದೀನಿ, ಬಹಳ ಟ್ರಾಫಿಕ್” ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳು “ಹೌದ್ರಿ, ಸಾವಕಾಶ ಹೋಗ್ರಿ” ಎಂದು ನನ್ನನ್ನೇ ಸಮಾಧಾನ ಮಾಡಿದಳು.

ಸ್ಕೂಟರಿನಲ್ಲಿ ಬೋಪದೇವ ಘಾಟು ಹತ್ತುವಾಗ ತುಂತುರು ಮಳೆ. ಎಪ್ಪತ್ತೆರಡರ ಮನುಷ್ಯ, ಘಾಟು ಏರಿ ಬಂದ ಕಾಲು, ಲಕ್ಷಾಂತರ ಜನ, ಹತ್ತದ ಫೋನು. ದೇವರಲ್ಲಿ ನಂಬಿಕೆ ಇದ್ದೂ ಇಲ್ಲದವನಾದ ನಾನು ಆ ದಾರಿಯುದ್ದಕ್ಕೂ ವಿಠ್ಠಲನೊಡನೆ ಬಗೆಬಗೆಯ ಒಪ್ಪಂದ ಮಾಡಿಕೊಂಡೆ. ಸಾಸವಡದ ಹೊರಗೇ ಪೊಲೀಸರು ಸ್ಕೂಟರು ತಡೆದರು. ಅಲ್ಲಿಂದ ಜನರ ನಡುವೆ ನುಗ್ಗಿ, ಬೈಸಿಕೊಂಡು, ಬಸ್ ಸ್ಟ್ಯಾಂಡು ಮುಟ್ಟಿದಾಗ ಏಳಾಗಿತ್ತು.

ಮಾವ ನಿಂತಿದ್ದರು. ಚಹಾದಂಗಡಿಯ ಮುಂದೆ, ಸ್ವಲ್ಪ ಎತ್ತರದ ಕಟ್ಟೆಯ ಮೇಲೆ, ನೆನೆದ ಟೋಪಿಯಲ್ಲಿ, ಚೀಲವನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಅಂಗಡಿಯ ಹೆಂಗಸು ನಾನೇ ಅಪರಾಧಿಯೆಂದು ಮುಖ ನೋಡಿಯೇ ಗುರುತಿಸಿದಳು.

“ತೀನ ತಾಸ ಝಾಲೇ, ಆಜೋಬಾ ಉಭೇಚ ಆಹೇತ. ಬಸಾ ಮ್ಹಟಲಂ ತರೀ ಬಸತ ನಾಹೀತ!”

ಮೂರು ತಾಸಿನಿಂದ ನಿಂತೇ ಇದ್ದಾರೆ, ಕೂಡಿರೆಂದರೂ ಕೂಡಲೊಲ್ಲರು ಎಂದು ಅವಳ ದೂರು. ಮಾವ ತಪ್ಪು ತಮ್ಮದೆಂಬಂತೆ ನಕ್ಕರು.

“ಕೂತ್ರ ಈ ಗದ್ದಲದಾಗ ನಿಮಗ ಕಾಣೂದಿಲ್ಲಂತ ನಿಂತೆ ನೋಡ್ರಿ ಅಳಿಯಾರ.”

“ಟ್ರಾಫಿಕ್ ಮಾವ, ರಸ್ತೆಯೆಲ್ಲ ಬಂದ್…” ಎಂದೆ. ಅವರು ಹೌದ್ರಿ ಹೌದ್ರಿ ಎಂದು ತಲೆಯಾಡಿಸುತ್ತ ನನ್ನ ಕೊರಳನ್ನು ನೋಡಿದರು. ಅವರ ಕಣ್ಣು ಹೋದಲ್ಲಿ ಕೈಹಾಕಿ ನೋಡಿದರೆ ಹೆಡ್‌ಫೋನು. ಸೋಫಾದಿಂದ ಎದ್ದವನು ಅದನ್ನು ಕೊರಳಲ್ಲೇ ತೊಟ್ಟು ಘಾಟು ಹತ್ತಿ ಬಂದಿದ್ದೆ. ಮಾವ ತಾವೇ ಅದನ್ನು ಮೆಲ್ಲಗೆ ಬಿಡಿಸಿ, ಮಳೆಗೆ ಕೆಡುತ್ತದೆಂದು ತಮ್ಮ ಚೀಲದೊಳಗಿದ್ದ ಒಣ ಟವೆಲಿನಲ್ಲಿ ಸುತ್ತಿಟ್ಟರು. ಅವರು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮನೆಯಲ್ಲಿ ವಿಜಯಾ ಬಿಸಿನೀರು ಕಾಯಿಸಿಟ್ಟು ಕಾಯುತ್ತಿದ್ದಳು. “ಭಾಳ ಹೊತ್ತು ಕಾಯಬೇಕಾತೇನಪಾ?” ಎಂದು ಅವಳು ಕೇಳಿದ ಪ್ರಶ್ನೆಗೆ, ಜೀವಮಾನವಿಡೀ ಒಂದು ಕೂದಲೆಳೆಯಷ್ಟು ಅಳತೆ ತಪ್ಪಿದರೂ ಮಾಲನ್ನು ಬದಿಗಿಟ್ಟ ಆ ಮನುಷ್ಯ, “ಏ ಇಲ್ಲವ್ವಾ, ನಾ ಮುಟ್ಟೂದರಾಗ ಬಂದು ನಿಂತಿದ್ರು” ಎಂದರು. ವಿಜಯಾ ನನ್ನತ್ತ ನೋಡಿದ ನೋಟದಲ್ಲಿ ಎಷ್ಟು ಮಮತೆಯಿತ್ತೆಂದರೆ ನಾನು ಕೈತೊಳೆಯುವ ನೆವದಿಂದ ಒಳಗೆ ಹೋದೆ. ಸುದ್ದಿ ಜಮಖಂಡಿಯವರೆಗೆ ಹಬ್ಬಿತು. ಮಳೆಯಲ್ಲಿ ಘಾಟು ಹತ್ತಿ ಹೋಗಿ ಮಾವನಿಗಾಗಿ ಕಾದ ಅಳಿಯನೆಂದು ನನ್ನನ್ನು ಹೊಗಳಿ ನಾಲ್ಕು ಫೋನು ಬಂದವು. ನಾಲ್ಕಕ್ಕೂ ವಿನಯದಿಂದ ಉತ್ತರಿಸಿದ್ದೇನೆ, ನಾಚಿಕೆಗೇಡು.

ಕೆಲವು ದಿನ ಕಳೆದು, ಮನಸ್ಸು ಗಟ್ಟಿ ಮಾಡಿಕೊಂಡು, ಬಾಲ್ಕನಿಯಲ್ಲಿ ತುಳಸಿಗೆ ನೀರು ಹಾಕುತ್ತಿದ್ದ ಮಾವನ ಬಳಿ ಹೋದೆ. ಆ ದಿನ ಟ್ರಾಫಿಕ್ ಇರಲಿಲ್ಲ, ನಾನು ಮರೆತಿದ್ದೆ, ಮರೆಯುವುದಕ್ಕೆ ಮೊದಲು ಕೇಳಿಸಿಕೊಂಡೇ ಇರಲಿಲ್ಲ ಎಂದೆಲ್ಲ ಹೇಳಿದೆ. ಅವರು ಚೊಂಬು ಕೆಳಗಿಟ್ಟು, ಒಂದು ಶಬ್ದವನ್ನೂ ಬಿಡದೆ ಕೇಳಿದರು.

“ಇರಲಿ ಬಿಡ್ರಿ, ನಿಮಗೂ ನಿಮ್ಮ ಕೆಲಸ ಇರ್ತಾವ,” ಎಂದರು. “ಮುಂದಿನ ವರ್ಷನೂ ನಾ ಹೋಗಾಂವ. ನೀವು ಬರಬ್ಯಾಡ್ರಿ. ಬಸ್ಸು ಎಷ್ಟಕ್ಕ ಅದ ಅಂತ ಅವತ್ತ ನಿಂತಲ್ಲೇ ಕೇಳಿ ಇಟ್ಟೇನಿ. ವಿಜಯಾಗ ಮಾತ್ರ ನೀವು ಬರ್ತೀರಿ ಅಂತನ ಹೇಳೋಣ, ಆಕಿಗೆ ಸಮಾಧಾನ ಇರ್ತದ.”

ದನಿಯಲ್ಲಿ ಸಿಟ್ಟಾಗಲಿ ವ್ಯಂಗ್ಯವಾಗಲಿ ಇರಲಿಲ್ಲ. ನನ್ನ ಮೇಲಿನ ಒಂದು ನಿರೀಕ್ಷೆಯನ್ನು ಅವರು ನನಗೆ ನೋವಾಗದ ಹಾಗೆ ಇಳಿಸಿಟ್ಟಿದ್ದರು, ಅಷ್ಟೇ. ಇಲ್ಲ ಮಾವ, ನಾನು ಖಂಡಿತ ಬರುತ್ತೇನೆ ಎನ್ನಲು ಬಾಯಿ ತೆರೆದೆ. ‘ಖಂಡಿತ’ ಎಂದು ಅವರಿಗೆ ಆಗಲೇ ಒಮ್ಮೆ ಹೇಳಿಯಾಗಿತ್ತಲ್ಲ, ಬಾಯಿ ಮುಚ್ಚಿಕೊಂಡೆ.