ಫ್ಯಾನ್ ಬರದ ಕೊಂಡಿಗೆ ತೊಟ್ಟಿಲು ಕಟ್ಟಿದ್ದು

ನನ್ನ ಮೊಮ್ಮಗಳು ಹುಟ್ಟಿ ಎರಡೂವರೆ ತಿಂಗಳಾಗಿತ್ತು. ಗಲ್ಲ ಹಿಡಿದರೆ ಬೆಣ್ಣೆ ಹಿಡಿದಂಗೆ. ಅದು ಆಕಳಿಸಿದರೆ ಓಣಿ ತುಂಬ ಹೇಳಿಕೊಂಡು ಬರುತ್ತಿದ್ದೆ, ಸೀನಿದರೆ ಇನ್ನೊಂದು ಸುತ್ತು. ಬರೀ ಗಂಡುಮಕ್ಕಳನ್ನೇ ಹೆತ್ತ ನನ್ನ ಮನೆಗೆ ಹೆಣ್ಣು ಕೂಸು ಬಂದದ್ದು ಅದೇ ಮೊದಲು. ಅಷ್ಟು ಸಂತೋಷದೊಳಗೂ ಒಬ್ಬಳನ್ನು ನೆನೆಸಿಕೊಂಡರೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಆಕೆ ನಮ್ಮ ಹೆಣ್ಣುಮಕ್ಕಳ ಸಂಘದ ಅಧ್ಯಕ್ಷೆ.

ಕೊಟ್ಟೂರಿಂದ ನಮ್ಮೂರಿಗೆ ಬಸ್ಸಿನಲ್ಲಿ ಅರ್ಧ ತಾಸು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿರಬೇಕು ಆಗ. ಸಂಘದ್ದು ತಿಂಗಳಿಗೊಂದು ಸಭೆ, ಸಮುದಾಯ ಭವನದಲ್ಲಿ. ಸಭೆ ಅಂದರೆ ಹೆಂಗಿತ್ತು ಹೇಳುತ್ತೇನೆ. ಹನ್ನೊಂದು ಗಂಟೆಗೆ ಸರಿಯಾಗಿ, ಅಂದರೆ ಕಳೆ ತೆಗೆಯಲು ಹೋಗುವವರ ದಿನ ಹಾಳಾಗುವ ಹೊತ್ತಿಗೆ. ಒಂದು ಮೇಜು, ಒಂದೇ ಒಂದು ಕುರ್ಚಿ, ಕುರ್ಚಿ ಮೇಲೆ ಆಕೆ. ನಾವು ನೆಲದ ಮೇಲೆ ಸಾಲಾಗಿ, ಮುಂದಿನವಳ ತುರುಬು ನೋಡಿಕೊಂಡು. ಕೂಸು ತಂದವರು ಬಾಗಿಲ ಹೊರಗೆ, ಬಿಸಿಲಿಗೆ. ಒಳಗೆ ಬಿಟ್ಟರೆ ಗದ್ದಲ ಆಗುತ್ತದಂತೆ. ಹೊರಗಿದ್ದವರಿಗೆ ಒಳಗಿನ ಮಾತು ಒಂದೂ ಕೇಳುವುದಿಲ್ಲ, ಆದರೂ ಸಭೆ ಮುಗಿದ ಮೇಲೆ "ನೀವೂ ಒಪ್ಪೀರಿ" ಅಂತ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು. ಭವನದ ನಟ್ಟನಡುವೆ ಮೇಲೆ ಫ್ಯಾನಿಗಂತ ಒಂದು ಕಬ್ಬಿಣದ ಕೊಂಡಿ ಬಿಟ್ಟಿದ್ದರು. ಕೊಂಡಿ ಇತ್ತು, ಫ್ಯಾನ್ ಬರಲೇ ಇಲ್ಲ. ಅದು ಯಾರ ಪಡಸಾಲೆಯಲ್ಲಿ ತಿರುಗುತ್ತಿತ್ತು ಅನ್ನುವುದು ನಮಗೆಲ್ಲ ಗೊತ್ತಿತ್ತು. ಬಾಯಿ ಬಿಟ್ಟವರಿಲ್ಲ.

ಸತತ ಮೂರು ಸಭೆ ತಪ್ಪಿಸಿದರೆ ಹೆಸರು ಹೊಡೆದುಹಾಕುವುದು ಅನ್ನುವುದೊಂದು ರೂಲು. ನನ್ನ ಸೊಸೆಗೆ ತಾಯಿ ಇಲ್ಲ, ಬಾಣಂತನ ನಾನೇ ಮಾಡಿದ್ದು. ಹಂಗಾಗಿ ಸಂಘದಲ್ಲಿದ್ದ ನಮ್ಮಿಬ್ಬರಿಗೂ ಎರಡು ಸಭೆ ತಪ್ಪಿದ್ದವು. ಅದೇ ತಿಂಗಳು, ಹಗರಿಬೊಮ್ಮನಹಳ್ಳಿಯಲ್ಲಿ ಹೊಲಿಗೆ ಕಲಿಸುತ್ತಾರೆ, ಸಂಘದಿಂದ ಒಬ್ಬಳನ್ನು ಆರಿಸಿ ಕಳಿಸಿರಿ ಅಂತ ಸುದ್ದಿ ಬಂತು. ನನ್ನ ಸೊಸೆ ಮದುವೆಯಾಗಿ ಬಂದಾಗಿನಿಂದ ಸಂತೆಗೆ ಹೋದರೆ ಟೈಲರ್ ಅಂಗಡಿ ಮುಂದೆ ನಿಂತುಬಿಡುತ್ತಿದ್ದಳು. ಬಟ್ಟೆ ನೋಡುತ್ತಿರಲಿಲ್ಲ, ಮಿಷಿನ್ ತುಳಿಯುವ ಅವನ ಕಾಲು ನೋಡುತ್ತಿದ್ದಳು. ಅಧ್ಯಕ್ಷೆ ಆ ಜಾಗ ತನ್ನ ತಂಗಿಯ ಮಗಳಿಗೆ ಕೊಡಿಸಬೇಕೆಂದಿದ್ದಳು.

ಸಭೆಯ ಹಿಂದಿನ ದಿನ ಅಧ್ಯಕ್ಷೆ ನಳದ ಹತ್ತಿರ ಸಿಕ್ಕಳು. ಮುಖದ ತುಂಬ ನಗು.

"ನಿನ್ನ ಸೊಸಿ ಈ ಸಲಾನೂ ಬರಂಗಿಲ್ಲೇನು?"

"ಬರ್ತಾಳ್ರಿ. ಕೂಸಿನ್ನ ಎತ್ಗೊಂಡ ಬರ್ತಾಳ."

"ಕೂಸಿದ್ರ ಹೊರಗ ಕುಂದ್ರಬೇಕು. ಹೊರಗ ಕುಂತೋರಿಗೆ ಹಾಜರಿ ಇಲ್ಲ."

"ಈ ರೂಲು ಯಾವಾಗ ಮಾಡಿದ್ರಿ?"

"ಈಗ."

ಕೊಡ ಎತ್ತಿಕೊಂಡು ಹೋದಳು. ನಾನು ನನ್ನ ಕೊಡ ತುಂಬಿ ಹರಿಯುವವರೆಗೂ ನಿಂತೇ ಇದ್ದೆ.

ಮರುದಿನ ಬೆಳಿಗ್ಗೆ ಭವನದ ಬಾಗಿಲು ತೆರೆದ ಕೂಡಲೇ ನಮ್ಮ ಮನೆಯ ಹಳೇ ತೊಟ್ಟಿಲು ಹೊರಿಸಿಕೊಂಡು ಹೋದೆ. ಮೇಜಿನ ಮೇಲೆ ಅಧ್ಯಕ್ಷೆಯ ಕುರ್ಚಿ ಇಟ್ಟು, ಅದರ ಮೇಲೆ ಮಗನನ್ನು ಹತ್ತಿಸಿ, ಆ ಕೊಂಡಿಗೆ ಹಗ್ಗ ಹಾಕಿಸಿದೆ. ಅವನ ಕಾಲಿನ ಮಣ್ಣು ಕುರ್ಚಿ ಮೇಲೆ ಉಳಿಯಿತು, ಒರೆಸಲಿಲ್ಲ.

ನಮ್ಮ ಕಡೆ ಬರೇ ತೊಟ್ಟಿಲು, ಅಂದರೆ ಕೂಸಿಲ್ಲದ ತೊಟ್ಟಿಲು, ತೂಗಬಾರದು. ತೂಗಿದವರ ಮನೆಯ ಮಕ್ಕಳಿಗೆ ಒಳ್ಳೆಯದಲ್ಲ ಅನ್ನುತ್ತಾರೆ. ತೊಟ್ಟಿಲಿಗೆ ಹಾಕುವ ದಿನವೂ ಮೊದಲು ಒರಳಿನ ಗುಂಡಕಲ್ಲು ಮಲಗಿಸಿ, ಆಮೇಲೆ ಕೂಸನ್ನು ಮಲಗಿಸುವುದು. ಆವತ್ತು ಒಂದು ಗುಂಡಕಲ್ಲು ಹಾಕಿಟ್ಟಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ. ಮರೆತೆ ಅಂತಲೇ ಊರಿಗೆಲ್ಲ ಹೇಳಿದ್ದೇನೆ.

ಹನ್ನೊಂದಕ್ಕೆ ಅಧ್ಯಕ್ಷೆ ಬಂದಳು. ಬಾಗಿಲಲ್ಲೇ ನನ್ನ ಸೊಸೆಯನ್ನು ತಡೆದು ಹೊರಗೆ ಕೂರಿಸಿದಳು. ಒಳಗೆ ಬಂದು ನೋಡುತ್ತಾಳೆ, ಕುರ್ಚಿಗೆ ಹೋಗುವ ದಾರಿಗೆ ಅಡ್ಡ ತೊಟ್ಟಿಲು.

"ಯಾರದಿದು ದರಿದ್ರ!" ಅಂದವಳೇ ಬಂಗಾರದ ಬಳೆಯ ಕೈಯಿಂದ ಜೋರಾಗಿ ನೂಕಿದಳು.

ತೊಟ್ಟಿಲು ಆ ಗೋಡೆ ಕಡೆ ಹೋಗಿ ಈ ಗೋಡೆ ಕಡೆ ಬಂತು. ಬರೇ ತೊಟ್ಟಿಲು. ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದರು. ಆಕೆಯ ಮಗಳು ಚೊಚ್ಚಲ ಬಸುರಿ, ಏಳು ತಿಂಗಳು ತುಂಬಿ ತವರಿಗೆ ಬಂದಿದ್ದಳು. ಗೊತ್ತಿಲ್ಲದವರು ಯಾರೂ ಇರಲಿಲ್ಲ. ಆದರೂ ನಾನೇ ಬಾಯಿ ಬಿಟ್ಟೆ.

"ಬಸುರಿ ಮಗಳನ್ನ ಮನ್ಯಾಗ ಇಟ್ಕಂಡು ಬರೇ ತೊಟ್ಲ ತೂಗಿದ್ರಲ್ರೀ ಅಕ್ಕಾರ!"

ಕೆಟ್ಟ ಮಾತು. ಆಡಬಾರದಿತ್ತು. ಆವತ್ತು ಮಾತ್ರ ಬಾಯಿಗೆ ಬೆಲ್ಲ ಹಾಕಿಕೊಂಡಂಗಿತ್ತು.

ಆಕೆಯ ಮುಖ ಸುಣ್ಣದಂಗಾಯಿತು. ತೊಟ್ಟಿಲನ್ನು ಎರಡೂ ಕೈಯಿಂದ ಹಿಡಿದು ನಿಲ್ಲಿಸಿದಳು. ಕುರಿ ಕಾಯುವ ಮನೆಯ ಮುದುಕಿಯೊಬ್ಬಳು ಮೂಲೆಯಿಂದ, "ಕೂಸಿನ್ನ ಹಾಕಿ ನಿನ್ನ ಕೈಯಾಗ ತೂಗಿಬಿಡವ್ವಾ, ದೋಷ ಎಲ್ಲಾ ಹೋಕೈತಿ" ಅಂದಳು.

"ತರ್ರಿ, ಕೂಸಿನ್ನ ತರ್ರಿ" ಅಂದಳು ಅಧ್ಯಕ್ಷೆ.

"ಕೂಸು ಹೊರಗಲ್ರೀ? ರೂಲು ಐತಲ್ಲ?"

"ತಾರವ್ವಾ ಅಂದೆ."

"ಮೊದ್ಲು ಪುಸ್ತಕ ತಗೀರಿ. ನನ್ನ ಸೊಸಿ ಹಾಜರಿ ಬರೀರಿ. ಹೊರಗ ಕುಂತೋರೆಲ್ಲಾರದೂ ಬರೀರಿ. ನನಗ ಓದಾಕ ಬರಂಗಿಲ್ಲ ಅಂತ ಏನರ ಗೀಚಬ್ಯಾಡ್ರಿ, ಆಕಿ ಏಳನೇ ಕ್ಲಾಸು ಓದ್ಯಾಳ, ನೋಡ್ತಾಳ."

ಬರೆದಳು.  ನನ್ನ ಸೊಸೆ ಒಳಗೆ ಬಂದು ಓದಿ, ಹೂಂ ಅಂದ ಮೇಲೆಯೇ ನನ್ನ ಬಂಗಾರ ತೊಟ್ಟಿಲಿಗೆ ಇಳಿದದ್ದು. ತೂಗಬೇಕಾದರೆ ಅಧ್ಯಕ್ಷೆ ಕುರ್ಚಿ ಬಿಟ್ಟು ನೆಲಕ್ಕೆ ಕೂರಬೇಕಾಯಿತು. ನಾವೆಲ್ಲ ತೊಟ್ಟಿಲಿನ ಸುತ್ತ ಕೂತೆವು. ಒಬ್ಬರ ಮುಖ ಒಬ್ಬರಿಗೆ ಕಂಡದ್ದು ಅದೇ ಮೊದಲ ಸಭೆ.

ಕೂಸು ನಿದ್ದೆಹೋಯಿತು. ಹೋದದ್ದೇ, ಅಧ್ಯಕ್ಷೆಗೆ ಗಂಟಲು ಏರಿಸುವಂಗಿಲ್ಲ. ಆಕೆಯ ಕೈ ಸೋತಾಗ ತೂಗುವ ಹಗ್ಗ ಪಕ್ಕದವಳಿಗೆ ಕೊಟ್ಟಳು. ಆ ಪಕ್ಕದವಳು ಎರಡು ವರ್ಷದಿಂದ ಸಂಘದಲ್ಲಿ ಒಂದು ಮಾತೂ ಆಡಿದವಳಲ್ಲ. ಹಗ್ಗ ಕೈಗೆ ಬಂದದ್ದೇ, ಸಣ್ಣ ದನಿಯಲ್ಲಿ, "ಸಭಿ ಸಂಜಿಮುಂದ ಇಟ್ರ ನಮ್ಮ ಕೂಲಿ ತಪ್ಪಂಗಿಲ್ರಿ" ಅಂದಳು. ಹಗ್ಗ ಮುಂದೆ ಹೋಯಿತು. ಇನ್ನೊಬ್ಬಳು ಕೊಂಡಿ ಕಡೆ ಕಣ್ಣೆತ್ತಿ, "ಫ್ಯಾನ್ ಎಲ್ಲಿಗೆ ಹೋತ್ರಿ?" ಅಂದಳು. ಯಾರೂ ನಗಲಿಲ್ಲ, ಕೂಸು ಎದ್ದೀತು ಅಂತ. ಎಲ್ಲರ ಹೊಟ್ಟೆ ಮಾತ್ರ ಕುಲುಕುತ್ತಿತ್ತು. ಯಾರೂ ರೂಲು ಮಾಡಲಿಲ್ಲ, ಹಗ್ಗ ಹಿಡಿದವಳದೇ ಮಾತು, ಉಳಿದವರದು ಕಿವಿ.

ಹಗ್ಗ ನನ್ನ ಸೊಸೆಗೆ ಬಂತು.  ನೆಲ ನೋಡಿಕೊಂಡು ತೂಗುತ್ತಲೇ, "ಹೊಲಿಗಿ ಕಲಿಯಾಕ ನನ್ನ ಕಳಸ್ರಿ" ಅಂದಳು.

"ಹಾಲು ಕುಡಿಯೋ ಕೂಸಿಟ್ಕಂಡು ದಿನಾ ಹೆಂಗ ಹೋಗ್ತಿ?" ಅಂದಳು ಅಧ್ಯಕ್ಷೆ, ಹಲ್ಲು ಕಚ್ಚಿಕೊಂಡೇ.

"ನಮ್ಮತ್ತಿ ಬರ್ತಾಳ. ಅಲ್ಲೂ ಒಂದು ಕೊಂಡಿ ಇರತೈತಿ."

ಕೈ ಎತ್ತಿಸಿದರು. ತಂಗಿಯ ಮಗಳಿಗೆ ಎತ್ತಿದ್ದು ಒಂದೇ ಕೈ, ಬಂಗಾರದ ಬಳೆ ಇದ್ದದ್ದು.

ಮುಂದಿನ ತಿಂಗಳಿಂದ ಸಭೆ ಸಂಜೆಗಾಯಿತು. ಮಂಡಕ್ಕಿ ಮಿರ್ಚಿ ಬಂತು, ತೊಟ್ಟಿಲು ಅಲ್ಲೇ ಉಳಿಯಿತು, ಒಳಗೊಂದು ಗುಂಡಕಲ್ಲು ಇಟ್ಟು. ಅಧ್ಯಕ್ಷೆಯ ಮಗಳು ಸುಖವಾಗಿ ಹೆತ್ತಳು. ಆ ಸುದ್ದಿ ಕೇಳುವವರೆಗೂ ನನಗೂ ಅನ್ನ ಸೇರುತ್ತಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹಂಗಂತ ನಮ್ಮಿಬ್ಬರ ನಡುವೆ ಮಾತು ಹುಟ್ಟಲಿಲ್ಲ. ಸಭೆಯಲ್ಲಿ ಹಗ್ಗ ಕೊಡುವಾಗಲೂ ಆಕೆ ನನ್ನ ಕೈ ಮುಟ್ಟದಂಗೆ ಕೊಡುತ್ತಿದ್ದಳು.

ಸೊಸೆ ದಿನಾ ಬಸ್ಸಿಗೆ ಹೋದಳು, ಹಿಂದೆ ನಾನು, ಕಂಕುಳಲ್ಲಿ ನನ್ನ ಬಂಗಾರ. ಕಲಿತು ಮೊದಲು ಹೊಲಿದದ್ದು ಕೂಸಿಗೆ ಕೆಂಪು ಅಂಗಿ. ಅದನ್ನು ತೊಡಿಸಿ ಕೂಸನ್ನು ಎತ್ತಿಕೊಂಡು ಸಭೆಗೆ ಹೋದೆ, ಮೆರವಣಿಗೆ ಹೋದಂಗೆ. ಎಲ್ಲರೂ ಎತ್ತಿ ಮುದ್ದಾಡಿದರು. ಅಧ್ಯಕ್ಷೆ ಎಷ್ಟೋ ತಿಂಗಳ ಮೇಲೆ ನನ್ನೊಂದಿಗೆ ಬಾಯಿ ಬಿಟ್ಟಳು.

"ಒಂದು ತೋಳು ಉದ್ದ ಆಗೈತಿ."

"ಆಗ್ಲಿ ಬಿಡ್ರಿ" ಅಂದೆ. "ನಿಮ್ಮ ನಾಲಿಗಿಗಿಂತ ಗಿಡ್ಡ ಐತಿ."